ಡಾಲರ್ 90 ದಾಟಿತು, ನಮ್ಮ ಆಸ್ತಿ ಅರ್ಧ ಕರಗಿತಾ?

ಪ್ರಶ್ನೆ: ನಾನು ದಾವಣಗೆರೆಯವನು, ವಯಸ್ಸು 54. ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕ. ಬ್ಯಾಂಕಿನಲ್ಲಿ 28 ಲಕ್ಷ ಎಫ್‌ಡಿ ಇದೆ, ಪಿಎಫ್ ಬೇರೆ. ನಾವಿರುವ ಮನೆಯ ಸಾಲ ಇನ್ನೂ 9 ಲಕ್ಷ ಬಾಕಿ. ಊರ ಹೊರಗೆ ಒಂದು 30-40 ಸೈಟು, ಹೆಂಡತಿ ಹತ್ತಿರ 220 ಗ್ರಾಂನಷ್ಟು ಒಡವೆ. ಮಗಳು ಬಿ.ಇ. ಕೊನೆಯ ವರ್ಷದಲ್ಲಿದ್ದಾಳೆ. ಮುಂದಿನ ಅಕ್ಟೋಬರ್‌ಗೆ ಜರ್ಮನಿಯಲ್ಲಿ ಎಂ.ಎಸ್. ಸೇರುವ ಆಸೆ ಅವಳದು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಭಾಮೈದ ಮೊನ್ನೆ ಬಂದಾಗ, "ಭಾವ, 2011ರಲ್ಲಿ ಡಾಲರ್ 45 ಇತ್ತು, ಈಗ 90. ನಿಮ್ಮ ಆಸ್ತಿ ಅರ್ಧ ಕರಗಿಹೋಗಿದೆ. ಎಫ್‌ಡಿ ಮುರಿಸಿ ಚಿನ್ನಕ್ಕೋ ಡಾಲರ್‌ಗೋ ಹಾಕಿ" ಅಂದ. ಅಂದಿನಿಂದ ನಿದ್ದೆ ಇಲ್ಲ. ಅವನು ಹೇಳುವುದು ನಿಜಾನಾ?

ಉತ್ತರ: ನಿಮ್ಮ ಭಾಮೈದ ಹೇಳಿದ ಎರಡೂ ಅಂಕಿ ಸರಿ. ಲೆಕ್ಕ ತಪ್ಪು. 2011ರ ಜುಲೈನಲ್ಲಿ ಡಾಲರ್ 45ರ ಆಸುಪಾಸು ಇತ್ತು, 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಆದರೆ ಈ ಹದಿನಾಲ್ಕು ವರ್ಷ ನಿಮ್ಮ ದುಡ್ಡು ಸುಮ್ನೆ ಕೂತಿರಲಿಲ್ಲ, ಬಡ್ಡಿ ದುಡಿಯುತ್ತಿತ್ತು. ಅದನ್ನು ಅವರು ಮರೆತಿದ್ದಾರೆ.

2011ರಲ್ಲಿ ಒಂದು ಲಕ್ಷ ಎಫ್‌ಡಿ ಇಟ್ಟಿರಿ ಅಂದುಕೊಳ್ಳಿ. ಆಗ ಬಡ್ಡಿ ಶೇ 9ರ ಮೇಲಿತ್ತು, ಕೊರೊನಾ ಕಾಲದಲ್ಲಿ 5ರ ಹತ್ತಿರಕ್ಕೆ ಇಳಿಯಿತು. ಸರಾಸರಿ 7 ಅಂತ ಹಿಡಿಯೋಣ. ಬಡ್ಡಿಗೆ ಬಡ್ಡಿ ಸೇರಿ ಹದಿನಾಲ್ಕು ವರ್ಷಕ್ಕೆ ಅದು ಸುಮಾರು 2.58 ಲಕ್ಷ ಆಗುತ್ತದೆ. ಅಂದಿನ ಒಂದು ಲಕ್ಷಕ್ಕೆ 2,222 ಡಾಲರ್ ಬರುತ್ತಿತ್ತು. ಇವತ್ತಿನ 2.58 ಲಕ್ಷಕ್ಕೆ 90ರ ದರದಲ್ಲೂ 2,860 ಡಾಲರ್ ಮೇಲೆ ಬರುತ್ತದೆ. ಅರ್ಧ ಆಗಿಲ್ಲ, ಜಾಸ್ತಿಯೇ ಆಗಿದೆ. ಅದೇ ಒಂದು ಲಕ್ಷಕ್ಕೆ ಆಗ ಡಾಲರ್ ನೋಟು ಕೊಂಡು ಬೀರುವಿನಲ್ಲಿ ಇಟ್ಟಿದ್ದರೆ ಇವತ್ತು ಎರಡು ಲಕ್ಷ ಸಿಗುತ್ತಿತ್ತು. ಎಫ್‌ಡಿಯೇ ಗೆದ್ದಿದೆ, ಅಲ್ವಾ?

ಇಷ್ಟಕ್ಕೇ ಖುಷಿಪಡಬೇಡಿ. ಬಡ್ಡಿಗೆ ತೆರಿಗೆ ಇದೆ. ಶೇ 20ರಷ್ಟು ತೆರಿಗೆ ಕಳೆದರೆ ಆ 2.58 ಲಕ್ಷ 2.14 ಲಕ್ಷಕ್ಕೆ ಬರುತ್ತದೆ. ಇದೇ ಅವಧಿಯಲ್ಲಿ ನಮ್ಮ ದೇಶದ ಚಿಲ್ಲರೆ ಬೆಲೆಗಳು ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಏರಿವೆ. ಅಂದರೆ 2011ರಲ್ಲಿ ಒಂದು ಲಕ್ಷಕ್ಕೆ ಬರುತ್ತಿದ್ದ ಸಾಮಾನಿಗೆ ಇವತ್ತು ಹೆಚ್ಚುಕಡಿಮೆ ಇದೇ 2.14 ಲಕ್ಷ ಬೇಕು. ನಿಮ್ಮ ಅಸಲು ಉಳಿಯಿತು, ಮೇಲೆ ಏನೂ ಸೇರಲಿಲ್ಲ. ನನ್ನ ಪ್ರಕಾರ ಚಿಂತೆ ಮಾಡಬೇಕಾದ್ದು ಇದರ ಬಗ್ಗೆ. ಡಾಲರ್ ಬೋರ್ಡಿನ ಬಗ್ಗೆ ಅಲ್ಲ.

ಇನ್ನೊಂದು ವಿಷಯ. ನಿಮ್ಮ ಭಾಮೈದ ಡಾಲರ್ ಅನ್ನೇ ಯಾಕೆ ಹಿಡಿದರು, 2011 ಅನ್ನೇ ಯಾಕೆ ಹಿಡಿದರು? ಆಗ ಜಗತ್ತಿನ ಹೆಚ್ಚಿನ ಕರೆನ್ಸಿಗಳ ಎದುರು ಡಾಲರ್ ಬಹಳ ಸೊರಗಿತ್ತು. ಅಲ್ಲಿಂದ ಲೆಕ್ಕ ಶುರು ಮಾಡಿದರೆ ಡಾಲರ್ ಹೆಚ್ಚಿನವರ ಎದುರು ಏರಿದ ಹಾಗೇ ಕಾಣುತ್ತದೆ. ಯೂರೋ ಆಗ 64 ರೂಪಾಯಿ ಆಸುಪಾಸು ಇತ್ತು, 2025ರ ಕೊನೆಗೆ 105ರ ಆಸುಪಾಸು. ಇದು ಎರಡು ಪಟ್ಟು ಆಗಲಿಲ್ಲ. ಜಪಾನಿನ ಯೆನ್ ನೋಡಿ. 2011ರ ಜುಲೈನಲ್ಲಿ ಒಂದು ಯೆನ್‌ಗೆ ಸುಮಾರು 57 ಪೈಸೆ, 2025ರ ಡಿಸೆಂಬರ್‌ನಲ್ಲಿ ಸುಮಾರು 58 ಪೈಸೆ. ಹದಿನಾಲ್ಕು ವರ್ಷಕ್ಕೆ ಒಂದು ಪೈಸೆ! ನಿಮ್ಮ ಭಾಮೈದ ಟೋಕಿಯೋದಲ್ಲಿ ಕೆಲಸಕ್ಕಿದ್ದಿದ್ದರೆ ಈ ಮಾತೇ ಹುಟ್ಟುತ್ತಿರಲಿಲ್ಲ.

ಹಾಗಂತ ರೂಪಾಯಿ ಕುಸಿತ ಬರೀ ಭ್ರಮೆ ಅಂತ ನಾನು ಹೇಳುತ್ತಿಲ್ಲ. ಈ ಅವಧಿಯಲ್ಲಿ ಅಮೆರಿಕದಲ್ಲಿ ಬೆಲೆಗಳು ಒಂದೂವರೆ ಪಟ್ಟಿಗಿಂತ ಸ್ವಲ್ಪ ಕಡಿಮೆ ಏರಿವೆ, ನಮ್ಮಲ್ಲಿ ಎರಡು ಪಟ್ಟು ಮೀರಿದೆ. ಬೆಲೆ ಬೇಗ ಏರುವ ದೇಶದ ನಾಣ್ಯ ನಿಧಾನಕ್ಕೆ ಇಳಿಯಲೇಬೇಕು. ಇಳಿಯದಿದ್ದರೆ ಆ ದೇಶದ ಸಾಮಾನನ್ನು ಹೊರಗೆ ಯಾರೂ ಕೊಳ್ಳುವುದಿಲ್ಲ. ಈ ಕಾರಣಕ್ಕೇ ಡಾಲರ್ 67–68ರ ತನಕ ಬರಬೇಕಿತ್ತು. ಅದರಾಚೆ 90ರವರೆಗೆ ಹೋದದ್ದು ಇದೆಯಲ್ಲ, ಡಾಲರ್‌ನಲ್ಲಿ ಖರ್ಚು ಮಾಡುವವರಿಗೆ ನಿಜವಾದ ಹೊಡೆತ ಅದು.

ನೀವು ಡಾಲರ್‌ನಲ್ಲಿ ಖರ್ಚು ಮಾಡುತ್ತೀರಾ? ಇಡೀ ಉತ್ತರ ನಿಂತಿರುವುದು ಈ ಪ್ರಶ್ನೆಯ ಮೇಲೆ. ದುಡ್ಡು ಯಾವ ನಾಣ್ಯದಲ್ಲಿದೆ ಅಂತ ಎಲ್ಲರೂ ನೋಡುತ್ತಾರೆ. ಮುಂದಿನ ಖರ್ಚು ಯಾವ ನಾಣ್ಯದಲ್ಲಿ ಬರುತ್ತದೆ ಅಂತ ನೋಡುವವರು ಕಡಿಮೆ. ಎರಡೂ ಒಂದೇ ಆಗಿದ್ದರೆ ರೂಪಾಯಿ ಬಿದ್ದರೂ ಎದ್ದರೂ ನಿಮ್ಮ ಮನೆಗೆ ದೊಡ್ಡ ವ್ಯತ್ಯಾಸ ಇಲ್ಲ.

ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು 2009–10. ರೂಪಾಯಿ ಡಾಲರ್‌ಗೆ ಸರಾಸರಿ 47ರ ಆಸುಪಾಸಿನಲ್ಲಿ ಆರಾಮಾಗಿತ್ತು, ಪೇಪರ್‌ನಲ್ಲಿ ಯಾರೂ ಎದೆ ಬಡಿದುಕೊಳ್ಳಲಿಲ್ಲ. ಆದರೆ ಕಾರ್ಮಿಕರ ಬೆಲೆ ಸೂಚ್ಯಂಕದ ಪ್ರಕಾರ ಆ ವರ್ಷ ಬೆಲೆಗಳು ಶೇ 12ರ ಮೇಲೆ ಏರಿದವು. ಬೇಳೆ, ಸಕ್ಕರೆ ಎಲ್ಲಿಗೆ ಮುಟ್ಟಿದ್ದವು ಅಂತ ನಿಮ್ಮ ಮನೆಯವರಿಗೆ ನೆನಪಿರಬಹುದು. ಎಫ್‌ಡಿ ಬಡ್ಡಿ ಆಗ 6ರಿಂದ 7.5. ಅಂದರೆ ಇಟ್ಟ ದುಡ್ಡಿನ ಬೆಲೆ ಒಂದೇ ವರ್ಷದಲ್ಲಿ ಶೇ 5ರಷ್ಟು ಹೋಯಿತು, ಡಾಲರ್ ಅಲ್ಲಾಡದೆ. ಎರಡನೆಯದು 2025. ಡಾಲರ್ 85–86ರಿಂದ 90ಕ್ಕೆ ಬಂತು, ದಿನಾ ಅದೇ ಸುದ್ದಿ. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಚಿಲ್ಲರೆ ಹಣದುಬ್ಬರ ಬರೀ ಶೇ 0.25. ತರಕಾರಿ ಬೆಲೆ ಇಳಿದದ್ದು, ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಕಡಿಮೆಯಾದದ್ದು ಇದಕ್ಕೆ ಕಾರಣ. ಎಫ್‌ಡಿ ಬಡ್ಡಿ 6.5ರ ಹತ್ತಿರ ಇತ್ತು. ರೂಪಾಯಿ ಬಿದ್ದ ವರ್ಷವೇ ಎಫ್‌ಡಿ ಇಟ್ಟವರಿಗೆ ಒಳ್ಳೆಯ ವರ್ಷ ಆಯಿತು. ಡಾಲರ್ ಎದುರು ರೂಪಾಯಿ ಬೆಲೆ ಬೇರೆ, ನಿಮ್ಮ ಕಿರಾಣಿ ಚೀಟಿಯ ಎದುರು ರೂಪಾಯಿ ಬೆಲೆ ಬೇರೆ.

ಇವೆರಡಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು. ಪಾಮ್ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ, ನಮ್ಮ ಕಡೆ ಮನೆಮನೆಯಲ್ಲಿ ಬಳಸುವ ಸೂರ್ಯಕಾಂತಿ ಎಣ್ಣೆ ಹೆಚ್ಚಾಗಿ ರಷ್ಯಾ, ಉಕ್ರೇನ್ ಕಡೆಯಿಂದ. ತೊಗರಿಬೇಳೆ ಮೊಜಾಂಬಿಕ್, ಮ್ಯಾನ್ಮಾರ್‌ನಿಂದಲೂ ಬರುತ್ತದೆ, ಕಲಬುರಗಿ ತೊಗರಿ ಎಷ್ಟೇ ಬೆಳೆದರೂ ದೇಶಕ್ಕೆ ಸಾಲುತ್ತಿಲ್ಲ. ಮೊಬೈಲು, ಲ್ಯಾಪ್‌ಟಾಪು, ಔಷಧಿಯ ಕಚ್ಚಾ ಸರಕು, ಹೊಲಕ್ಕೆ ಹಾಕುವ ಪೊಟ್ಯಾಷ್ ಎಲ್ಲಕ್ಕೂ ಡಾಲರ್ ಬೇಕು. ಆದರೆ ನಿಮ್ಮ ಮನೆಯ ತಿಂಗಳ ಖರ್ಚಿನ ಪುಸ್ತಕ ತೆಗೆದು ನೋಡಿ. ಅಕ್ಕಿ, ಜೋಳ, ಹಾಲು, ತರಕಾರಿ, ಕರೆಂಟ್ ಬಿಲ್ಲು, ಕೆಲಸದವರ ಸಂಬಳ, ಡಾಕ್ಟರ ಫೀಸು, ಮದುವೆ ಮುಂಜಿಯ ಮುಯ್ಯಿ. ದೊಡ್ಡ ಪಾಲು ಇಲ್ಲಿನದೇ. ಪೆಟ್ರೋಲ್ ಬೆಲೆ ಕೂಡ ಡಾಲರ್ ಜೊತೆ ದಿನಾ ಕುಣಿಯುವುದಿಲ್ಲ. ತೆರಿಗೆ ಮತ್ತು ತೈಲ ಕಂಪನಿಗಳ ಲಾಭನಷ್ಟದಲ್ಲಿ ಅದನ್ನು ಎಷ್ಟೋ ತಿಂಗಳು ಹಿಡಿದಿಡುತ್ತಾರೆ. ರೂಪಾಯಿ ಶೇ 5ರಷ್ಟು ಕುಸಿದರೆ ಹಣದುಬ್ಬರ ಸುಮಾರು ಶೇ 0.35ರಷ್ಟು ಏರಬಹುದು ಎಂಬುದು ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ವರದಿಯ ಅಂದಾಜು. ತಿಂಗಳಿಗೆ 40 ಸಾವಿರ ಖರ್ಚಿನ ಮನೆಗೆ ಇದು 140 ರೂಪಾಯಿ.

ರೂಪಾಯಿ ನಿಧಾನಕ್ಕೆ ಇಳಿದರೆ ಈ ಲೆಕ್ಕ. ದಿಢೀರ್ ಬಿದ್ದರೆ ಕತೆಯೇ ಬೇರೆ. ಪಕ್ಕದ ಶ್ರೀಲಂಕಾದಲ್ಲಿ 2022ರಲ್ಲಿ ಏನಾಯಿತು ನೋಡಿ. ಮಾರ್ಚ್ ಶುರುವಿನಲ್ಲಿ ಡಾಲರ್‌ಗೆ 200ರ ಆಸುಪಾಸು ಇದ್ದ ಅವರ ರೂಪಾಯಿ ಮೇ ಹೊತ್ತಿಗೆ 360ಕ್ಕೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಕೊಲಂಬೋ ಹಣದುಬ್ಬರ ಶೇ 69.8. ಯಾವ ಬ್ಯಾಂಕಿನ ಬಡ್ಡಿ ಇದರ ಹಿಂದೆ ಓಡಲು ಆಗುತ್ತದೆ? ಮುಂದಿನ ವರ್ಷ ಹಣದುಬ್ಬರ ಒಂದಂಕಿಗೆ ಇಳಿಯಿತು, ನಿಜ. ಆದರೆ ಹಣದುಬ್ಬರ ಇಳಿದರೆ ಬೆಲೆ ಏರುವ ವೇಗ ಕಡಿಮೆ ಆಗುತ್ತದೆ ಅಷ್ಟೇ, ಏರಿದ ಬೆಲೆ ಹಿಂದಕ್ಕೆ ಬರುವುದಿಲ್ಲ. ಅಲ್ಲಿ ನಿವೃತ್ತಿಯ ಗಂಟನ್ನು ಬ್ಯಾಂಕಿನಲ್ಲಿ ಇಟ್ಟಿದ್ದವರ ದುಡ್ಡಿನ ಅರ್ಧದ ಹತ್ತಿರದ ಬೆಲೆ ಹಾಗೇ ಹೋಯಿತು. "ಅರ್ಧ ಕರಗಿತು" ಅನ್ನುವ ಮಾತು ಒಪ್ಪುವುದು ಅವರಿಗೆ.

ನಮ್ಮಲ್ಲೂ ಇಂಥ ದಿನ ಬಂದಿದ್ದವು. 1966ರ ಜೂನ್ 6ರಂದು ಡಾಲರ್ ಬೆಲೆಯನ್ನು ಒಂದೇ ಏಟಿಗೆ 4.76 ರೂಪಾಯಿಯಿಂದ 7.50ಕ್ಕೆ ಏರಿಸಿದರು. 1991ರ ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ರೂಪಾಯಿ ಬೆಲೆ ಇಳಿಸಿದಾಗ ದೇಶದ ಚಿನ್ನವನ್ನೇ ಹೊರಗೆ ಅಡ ಇಟ್ಟಿದ್ದೆವು. ಆ ವರ್ಷ ಹಣದುಬ್ಬರ ಶೇ 13ರ ಮೇಲೆ ಹೋಯಿತು. 2011ರಿಂದ ಈಚೆಗೆ ಆಗಿರುವುದು ಆ ಥರದ್ದಲ್ಲ. ವರ್ಷಕ್ಕೆ ಸರಾಸರಿ ಶೇ 5ರಷ್ಟು ಡಾಲರ್ ಏರಿದೆ. ಬಡ್ಡಿ ಅದಕ್ಕೆ ಹೇಗೋ ಸಮ ಮಾಡಿಕೊಂಡು ಬಂದಿದೆ.

ಈಗ ನಿಮ್ಮ ಮನೆಗೆ ಬರೋಣ. ವಾಸದ ಮನೆಯ ವಿಷಯದಲ್ಲಿ ಹೇಳುವುದು ಏನೂ ಇಲ್ಲ. ನೀವು ಅದರಲ್ಲಿ ಇರುತ್ತೀರಿ. ಡಾಲರ್ 90 ಆದರೂ 120 ಆದರೂ ಅಡುಗೆಮನೆ ಅಷ್ಟೇ ದೊಡ್ಡದು. ಸೈಟು ಕೂಡ ಹಾಗೇ. ದಾವಣಗೆರೆಯ ಸೈಟಿಗೆ ಬೆಲೆ ಕಟ್ಟುವುದು ಆ ಊರಿನ ಸಂಬಳ, ವ್ಯಾಪಾರ, ರಸ್ತೆ, ನೀರು. ನ್ಯೂಯಾರ್ಕ್ ಅಲ್ಲ. ಒಂದು ಮಾತು ಸೇರಿಸುತ್ತೇನೆ: ಸೈಟಿನ ಖಾತಾ ಸರಿ ಇಲ್ಲದಿದ್ದರೆ ಡಾಲರ್‌ಗಿಂತ ದೊಡ್ಡ ಕಂಟಕ ಅದೇ. ಮೊದಲು ಅದನ್ನು ಸರಿ ಮಾಡಿಸಿ. ರಿಸರ್ವ್ ಬ್ಯಾಂಕ್ ನೇಮಿಸಿದ್ದ ತರುಣ್ ರಾಮದೊರೈ ಸಮಿತಿಯ 2017ರ ವರದಿ ಪ್ರಕಾರ ನಮ್ಮ ದೇಶದ ಸರಾಸರಿ ಕುಟುಂಬದ ಆಸ್ತಿಯಲ್ಲಿ ಶೇ 77 ಜಮೀನು ಮತ್ತು ಮನೆ, ಶೇ 11 ಚಿನ್ನ. ಬ್ಯಾಂಕು, ಷೇರು, ವಿಮೆ ಎಲ್ಲ ಸೇರಿ ಶೇ 5. ಈ 77 ಭಾಗವನ್ನು ಡಾಲರ್‌ಗೆ ಭಾಗಿಸಿ ನೋಡುವುದರಲ್ಲಿ ಅರ್ಥವೇ ಇಲ್ಲ. ನಾಳೆ ಸೈಟು ಮಾರಿ ಅಮೆರಿಕದಲ್ಲಿ ಮನೆ ಕೊಳ್ಳುವವರಿಗೆ ಮಾತ್ರ ಆ ಲೆಕ್ಕ ಬೇಕು.

ಚಿನ್ನದ್ದು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿ ಡಾಲರ್ ನೇರವಾಗಿ ನಿಮ್ಮ ಮನೆಯ ಬೀರುವಿನೊಳಗೆ ಬರುತ್ತದೆ. ಚಿನ್ನದ ಬೆಲೆ ಹೊರಗೆ ಡಾಲರ್‌ನಲ್ಲಿ, ಔನ್ಸ್ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಒಂದು ಔನ್ಸ್ ಅಂದರೆ 31.1 ಗ್ರಾಂ. ಔನ್ಸ್‌ಗೆ 4,000 ಡಾಲರ್ ಇದ್ದು, ಡಾಲರ್ 85 ರೂಪಾಯಿ ಇದ್ದರೆ ಗ್ರಾಂ ಅಪರಂಜಿಗೆ ಸುಮಾರು 10,930 ರೂಪಾಯಿ. ಡಾಲರ್ 90 ಆದರೆ ಸುಮಾರು 11,575. ಹೊರಗೆ ಚಿನ್ನ ಒಂದು ಡಾಲರ್ ಕೂಡ ಏರಿಲ್ಲ, ಇಲ್ಲಿ ಗ್ರಾಂಗೆ 640 ರೂಪಾಯಿ ಏರಿತು. ಇದರ ಮೇಲೆ ಆಮದು ಸುಂಕ (2024ರ ಜುಲೈ ಬಜೆಟ್‌ನಲ್ಲಿ ಶೇ 15ರಿಂದ 6ಕ್ಕೆ ಇಳಿಸಿದರು), ಅದರ ಮೇಲೆ ಶೇ 3 ಜಿಎಸ್‌ಟಿ. ಅಂಗಡಿಯ ಬೋರ್ಡಿನಲ್ಲಿ ಕಾಣುವ ಒಂದು ಅಂಕಿಯ ಹಿಂದೆ ಇಷ್ಟೆಲ್ಲ ಇದೆ.

ಹಾಗಾಗಿ ರೂಪಾಯಿ ಬಿದ್ದಾಗ ಚಿನ್ನ ಕಾಪಾಡುತ್ತದೆ ಅನ್ನುವುದು ಸುಳ್ಳಲ್ಲ. 2011ರ ಸೆಪ್ಟೆಂಬರ್‌ನಲ್ಲಿ ಚಿನ್ನ ಔನ್ಸ್‌ಗೆ 1,900 ಡಾಲರ್ ಮುಟ್ಟಿತ್ತು. 2015ರ ಕೊನೆಗೆ 1,060ರ ಹತ್ತಿರ ಬಂತು. ಹೊರಗಿನವರಿಗೆ ಶೇ 44 ನಷ್ಟ! ನಮ್ಮಲ್ಲಿ ಹತ್ತು ಗ್ರಾಂಗೆ 28,000 ಇದ್ದದ್ದು 25,000ದ ಆಸುಪಾಸಿಗೆ ಬಂತು ಅಷ್ಟೇ. ಆ ನಡುವೆ ಡಾಲರ್ 66 ದಾಟಿತ್ತು, ಸುಂಕ ಶೇ 10 ಆಗಿತ್ತು. ಆ ಕುಸಿತ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತೇ ಆಗಲಿಲ್ಲ. ಆದರೆ ಇದನ್ನೇ ತಿರುಗಿಸಿ ನೋಡಿ: ನಾಲ್ಕು ವರ್ಷ ಚಿನ್ನ ಏನನ್ನೂ ಕೊಡಲಿಲ್ಲ, ಎಫ್‌ಡಿ ಶೇ 35–40 ಕೊಟ್ಟಿತು. 2011ರ ಜುಲೈನಿಂದ 2025ರ ಕೊನೆಯವರೆಗೆ ಚಿನ್ನ ನಮ್ಮಲ್ಲಿ ಐದು ಪಟ್ಟು ಮೀರಿ ಏರಿದೆ. ಅದರಲ್ಲಿ ರೂಪಾಯಿ ಕುಸಿತದ ಪಾಲು ಎರಡು ಪಟ್ಟು ಮಾತ್ರ. ಉಳಿದದ್ದು ಹೊರಗೆ ಚಿನ್ನವೇ ಏರಿದ್ದು. ಅದು ಮತ್ತೆ ಹಾಗೇ ಏರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ.

ನಿಮ್ಮ ಮನೆಯ 220 ಗ್ರಾಂ ಒಡವೆ ಮಾರುವುದಕ್ಕೆ ಇಟ್ಟದ್ದಲ್ಲ, ಅಲ್ವಾ? 22 ಕ್ಯಾರೆಟ್ ಅಂದರೆ ಅಪರಂಜಿ 201 ಗ್ರಾಂ ಚಿಲ್ಲರೆ. ಹರಳಿನ ತೂಕ ಬೇರೆ ಹೋಗುತ್ತದೆ. ಕೊಳ್ಳುವಾಗ ಕೊಟ್ಟ ಮಜೂರಿ, ವೇಸ್ಟೇಜು ಮಾರುವಾಗ ವಾಪಸ್ ಬರುವುದಿಲ್ಲ. ಮಗಳ ಮದುವೆಗೆ ಇದೇ ಸಾಕು ಅಂತ ನಿಮ್ಮ ಮನೆಯವರು ಅಂದುಕೊಂಡಿದ್ದರೆ, ಚಿನ್ನದ ಖರ್ಚನ್ನು ನೀವು ಎಂದೋ ಮುಗಿಸಿದ್ದೀರಿ. ಬೆಲೆ ಎಲ್ಲಿಗೆ ಹೋದರೂ ತಲೆಬಿಸಿ ಇಲ್ಲ. ಎಫ್‌ಡಿ ಮುರಿಸಿ ಈ ಬೆಲೆಯಲ್ಲಿ ಇನ್ನಷ್ಟು ಒಡವೆ ಮಾಡಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮನೆ ಸಾಲದ ವಿಷಯದಲ್ಲಿ ಒಂದು ಮಾತು ಬಹಳ ಓಡಾಡುತ್ತದೆ. ದುಡ್ಡಿನ ಬೆಲೆ ಇಳಿದಷ್ಟೂ ಸಾಲಗಾರನಿಗೆ ಲಾಭ, ಸಾಲ ತೀರಿಸಬೇಡಿ ಅನ್ನುವುದು. ಅರ್ಧ ನಿಜ. ಹತ್ತು ವರ್ಷದ ಹಿಂದೆ ಸಂಬಳದ ಅರ್ಧ ತಿನ್ನುತ್ತಿದ್ದ ಇಎಂಐ ಈಗ ಹಗುರ ಅನ್ನಿಸುತ್ತದೆ, ಯಾಕೆಂದರೆ ಸಂಬಳ ಏರಿದೆ, ಇಎಂಐ ಅಲ್ಲೇ ಇದೆ. ಆದರೆ ಈ ಲಾಭ ಕೈಗೆ ಸಿಗಬೇಕಾದರೆ ನಿಮ್ಮ ದುಡ್ಡು ಸಾಲದ ಬಡ್ಡಿಗಿಂತ ಜಾಸ್ತಿ ದುಡಿಯುತ್ತಿರಬೇಕು. ನೀವು ಸಾಲಕ್ಕೆ ಶೇ 8ರ ಹತ್ತಿರ ಕಟ್ಟುತ್ತಿದ್ದೀರಿ ಅನ್ನೋಣ. ಎಫ್‌ಡಿಯಲ್ಲಿ 6.5 ಬಂದರೆ, 20ರ ತೆರಿಗೆ ಸ್ಲ್ಯಾಬಿನಲ್ಲಿ ಸೆಸ್ ಎಲ್ಲ ಸೇರಿ ಕಳೆದು ಉಳಿಯುವುದು 5.15. (2025–26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. ಸಂಬಳ, ಬಡ್ಡಿ ಸೇರಿ ಅದರೊಳಗೆ ಇದ್ದರೆ ಪೂರ್ತಿ 6.5 ನಿಮ್ಮದೇ.) ಹೇಗೆ ನೋಡಿದರೂ 8 ಕೊಟ್ಟು 6.5 ಗಳಿಸುತ್ತಿದ್ದೀರಿ. ಫ್ಲೋಟಿಂಗ್ (ಆಗಾಗ ಏರಿಳಿಯುವ) ಬಡ್ಡಿಯ ಮನೆ ಸಾಲವನ್ನು ಮೊದಲೇ ತೀರಿಸಿದರೆ ದಂಡ ಇಲ್ಲ. 9 ಲಕ್ಷ ಕಟ್ಟಿ ಮುಗಿಸಿ. ಭಾಮೈದನ ಯಾವ ಡಾಲರ್ ಉಪಾಯವೂ ಇಷ್ಟು ಖಾತ್ರಿಯಾದ ಲಾಭ ಕೊಡುವುದಿಲ್ಲ.

ಈಗ ಮಗಳ ವಿಷಯ. ನೀವು ಪ್ರಶ್ನೆಯಲ್ಲಿ ಇದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ನನಗೆ ಮಾತ್ರ ಇದೇ ದೊಡ್ಡದಾಗಿ ಕಾಣುತ್ತಿದೆ. ನೀವೂ ಭಾಮೈದನೂ ಡಾಲರ್ ನೋಡುತ್ತಾ ಕೂತಿದ್ದೀರಿ. ಮಗಳು ಹೋಗುವುದು ಯೂರೋ ಇರುವ ಊರಿಗೆ! 2025ರಲ್ಲಿ ಡಾಲರ್ ಏರಿದ್ದು ಶೇ 5ರಷ್ಟು. ಯೂರೋ ವರ್ಷದ ಶುರುವಿನಲ್ಲಿ 90ರ ಆಸುಪಾಸು ಇದ್ದದ್ದು ಕೊನೆಗೆ 105ರ ಆಸುಪಾಸಿಗೆ ಬಂತು. ಶೇ 16–17. ಜರ್ಮನಿಯ ಸ್ಟೂಡೆಂಟ್ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ವರ್ಷದ ಖರ್ಚು ಅಂತ 11,904 ಯೂರೋ ಮೊದಲೇ ಇಡಬೇಕು. ತಿಂಗಳಿಗೆ 992ರಂತೆ ಅವಳಿಗೆ ಅದು ಸಿಗುತ್ತದೆ. 90ರ ದರದಲ್ಲಿ ಇದು 10.7 ಲಕ್ಷ. 105ರ ದರದಲ್ಲಿ 12.5 ಲಕ್ಷ. ಒಂದು ವರ್ಷದಲ್ಲಿ 1.8 ಲಕ್ಷ ಹೋಯಿತು. ನಿಮ್ಮ ಮನೆಗೆ ರೂಪಾಯಿ ಕುಸಿತದಿಂದ ಆದ ನಿಜವಾದ ನಷ್ಟ ಅಂತ ಇದ್ದರೆ ಅದು ಇದೇ.

ಎರಡು ವರ್ಷಕ್ಕೆ 23,808 ಯೂರೋ, ಅಂದರೆ 105ರ ದರದಲ್ಲಿ 25 ಲಕ್ಷ. ನಿಮ್ಮ 28 ಲಕ್ಷದ ಎಫ್‌ಡಿ ಹೆಸರಿಗೆ ರೂಪಾಯಿ, ಹೋಗಬೇಕಾದ ಜಾಗ ಯೂರೋ. ಕಾಲೇಜು ಆರಿಸುವಾಗಲೂ ಇದನ್ನು ನೆನಪಿಡಿ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ.

ನಾನು ನಿಮ್ಮ ಜಾಗದಲ್ಲಿ ಇದ್ದಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲ ವರ್ಷದ 12.5 ಲಕ್ಷ, ಯೂರೋ ಇನ್ನೂ ಏರಿದರೆ ಇರಲಿ ಅಂತ ಶೇ 10 ಮೇಲೆ, ಒಟ್ಟು 13.75 ಲಕ್ಷವನ್ನು ಬೇರೆ ಎಫ್‌ಡಿ ಮಾಡಿ, ವೀಸಾ ಅರ್ಜಿಯ ಹೊತ್ತಿಗೆ ಕೈಗೆ ಬರುವಂತೆ ಅವಧಿ ಹಾಕುತ್ತಿದ್ದೆ. ಅದನ್ನು ಷೇರಿಗೂ ಹಾಕುವುದಿಲ್ಲ, ಚಿನ್ನಕ್ಕೂ ಹಾಕುವುದಿಲ್ಲ. ಅಡ್ಮಿಷನ್ ಪತ್ರ ಬಂದ ತಕ್ಷಣ ಯೂರೋ ಕಳಿಸುತ್ತಿದ್ದೆ. ಇನ್ನೊಂದು ವಾರ ಕಾದರೆ ಇಳಿಯಬಹುದು ಅಂತ ಕಾಯುವುದು ಜೂಜು. ಪೇಪರ್‌ನಲ್ಲಿ ಬರುವ ದರ ನಿಮಗೆ ಸಿಗುವುದಿಲ್ಲ, ಬ್ಯಾಂಕು ತನ್ನ ಪಾಲು ಸೇರಿಸಿ ಹೇಳುತ್ತದೆ. ಒಂದು ಯೂರೋಗೆ ಎರಡು ರೂಪಾಯಿ ಜಾಸ್ತಿ ಹಿಡಿದರೂ 11,904 ಯೂರೋಗೆ 23,800 ರೂಪಾಯಿ ಆಯಿತು. ಮೂರು ಕಡೆ ಕೇಳಿ. "ಟಿಟಿ ಸೆಲ್ಲಿಂಗ್ ರೇಟ್ (ಹೊರಗೆ ಕಳಿಸಲು ಬ್ಯಾಂಕು ಯೂರೋ ಮಾರುವ ದರ) ಎಷ್ಟು, ಚಾರ್ಜ್ ಎಷ್ಟು" ಅಂತ ಎರಡನ್ನೂ ಕೇಳಿ, ಚೌಕಾಸಿ ಮಾಡಿ. ಕಡಿಮೆ ಮಾಡುತ್ತಾರೆ. ಹೊರದೇಶಕ್ಕೆ ಕಳಿಸುವ ದುಡ್ಡಿನಲ್ಲಿ ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತಕ್ಕೆ ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತಾರೆ, ಅದನ್ನು ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಬ್ಯಾಂಕಿನ ಶಿಕ್ಷಣ ಸಾಲದ ದುಡ್ಡಾದರೆ ಅದೂ ಇಲ್ಲ.

ಎರಡನೇ ವರ್ಷಕ್ಕೆ ಶಿಕ್ಷಣ ಸಾಲ ತೆಗೆಯಿರಿ, ಅದು ಮಗಳ ಹೆಸರಿನಲ್ಲೇ ಇರಲಿ. ಇಲ್ಲಿ ರೂಪಾಯಿ ಕುಸಿತ ನಿಮ್ಮ ಕಡೆಗೆ ಕೆಲಸ ಮಾಡುತ್ತದೆ. ಸಾಲ ರೂಪಾಯಿಯಲ್ಲಿ, ತೀರಿಸುವ ಸಂಬಳ ಯೂರೋದಲ್ಲಿ. ರೂಪಾಯಿ ಇಳಿದಷ್ಟೂ ಸಾಲ ಬೇಗ ಹಗುರ ಆಗುತ್ತದೆ. ಅಲ್ಲಿ ಓದುವ ಮಕ್ಕಳು ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು, ಎರಡನೇ ವರ್ಷದ ಖರ್ಚು ಅಲ್ಲೇ ಸ್ವಲ್ಪ ಹುಟ್ಟುತ್ತದೆ. ಓದು ಮುಗಿಸಿ ಊರಿಗೇ ಬರುತ್ತೇನೆ ಅನ್ನುವುದು ಅವಳ ಮನಸ್ಸಿನಲ್ಲಿದ್ದರೆ ಮಾತ್ರ ಸಾಲ ಚಿಕ್ಕದಾಗಿರಲಿ.

ಇದೇ ರೂಪಾಯಿ ಕುಸಿತ ಕೆಲವರಿಗೆ ಹಬ್ಬ. ದುಬೈ ದಿರ್ಹಂ 1997ರಿಂದ ಡಾಲರ್‌ಗೆ 3.6725ರ ದರದಲ್ಲಿ ಕಟ್ಟಿಹಾಕಿದ ನಾಣ್ಯ. ಹಾಗಾಗಿ ಭಟ್ಕಳ, ಉಡುಪಿ, ಮಂಗಳೂರಿನ ಗಲ್ಫ್ ಮನೆಗಳಿಗೆ ಪ್ರತಿ ತಿಂಗಳು ಬರುವ ರೂಪಾಯಿ ಜಾಸ್ತಿ ಆಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿಗೆ ಲಂಡನ್, ನ್ಯೂಯಾರ್ಕ್‌ನಲ್ಲಿ ಬೆಲೆ ನಿಗದಿಯಾಗುತ್ತದೆ, ಅವರಿಗೂ ಒಳ್ಳೆಯದೇ. ನಿಮ್ಮ ಭಾಮೈದನ ಕಂಪನಿಯೂ ಡಾಲರ್‌ನಲ್ಲೇ ಗಳಿಸುತ್ತಿರಬಹುದು. ಅವರ ಸಂಬಳ, ಬೋನಸ್ಸು, ಬಡ್ತಿ ಎಲ್ಲ ಅಮೆರಿಕದ ಮೇಲೆ ನಿಂತಿರುವಾಗ ಉಳಿತಾಯವನ್ನೂ ಡಾಲರ್‌ಗೇ ಹಾಕುತ್ತೇನೆ ಅನ್ನುವುದು ಜಾಣತನ ಅಂತ ನನಗೆ ಅನ್ನಿಸುವುದಿಲ್ಲ. ಇದನ್ನು ಅವರಿಗೆ ಹೇಳಬೇಕೋ ಬೇಡವೋ ನಿಮಗೆ ಬಿಟ್ಟಿದ್ದು.

ಡಾಲರ್ ನೋಟು ಕೊಂಡು ಮನೆಯಲ್ಲಿ ಇಡುವುದಂತೂ ಬೇಡ. 2,000 ಡಾಲರ್‌ಗಿಂತ ಹೆಚ್ಚಿನ ವಿದೇಶಿ ನೋಟು ಇಟ್ಟುಕೊಳ್ಳಲು ಕಾನೂನೂ ಬಿಡುವುದಿಲ್ಲ, ಬಡ್ಡಿಯೂ ಇಲ್ಲ. ಫಾರೆಕ್ಸ್ ಟ್ರೇಡಿಂಗ್ ಅಂತ ಮೊಬೈಲಿನಲ್ಲಿ ಬರುವ ಆಪ್‌ಗಳ ಕಡೆ ತಿರುಗಿಯೂ ನೋಡಬೇಡಿ. ಅನುಮತಿ ಇಲ್ಲದವರ ಪಟ್ಟಿಯನ್ನೇ ರಿಸರ್ವ್ ಬ್ಯಾಂಕ್ ಹಾಕಿದೆ.

ಲೆಕ್ಕ ಹೀಗೆ ನಿಲ್ಲುತ್ತದೆ. 28 ಲಕ್ಷದಲ್ಲಿ ಮಗಳಿಗೆ 13.75, ಸಾಲಕ್ಕೆ 9. ಉಳಿದ 5.25 ಲಕ್ಷ ಆಪತ್ತಿಗೆ ಅಂತ ಎಫ್‌ಡಿಯಲ್ಲೇ ಇರಲಿ. ಗಂಟು ಬರಿದಾಯಿತು ಅಂತ ಅನ್ನಿಸಬಹುದು. ಆದರೆ ಸಾಲ ತೀರಿದ ಮೇಲೆ ಪ್ರತಿ ತಿಂಗಳು ಇಎಂಐ ದುಡ್ಡು ಕೈಯಲ್ಲಿ ಉಳಿಯುತ್ತದೆ. ನಿವೃತ್ತಿಗೆ ಆರು ವರ್ಷ ಇದೆ. ನಿಮ್ಮ ಮುಂದಿನ ದೊಡ್ಡ ಖರ್ಚು ಅದೇ, ಮತ್ತು ಅದು ಪೂರ್ತಿ ರೂಪಾಯಿಯದು. ಈಗ ತಿಂಗಳಿಗೆ 40 ಸಾವಿರ ಖರ್ಚಿದ್ದರೆ, ಬೆಲೆಗಳು ವರ್ಷಕ್ಕೆ ಶೇ 5 ಏರಿದರೂ ನಿಮಗೆ 60 ಆಗುವಾಗ 53,600 ಬೇಕು. 74 ಆಗುವಾಗ 1.06 ಲಕ್ಷ. ಸರ್ಕಾರಿ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತದೆ, ಪಿಎಫ್ ಪಿಂಚಣಿಗೆ ಸೇರುವುದಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಅದರ ಕನಿಷ್ಠ ಮೊತ್ತ 1,000 ರೂಪಾಯಿ ಅಂತ ನಿಗದಿಯಾಯಿತು, ಹತ್ತು ವರ್ಷ ದಾಟಿದರೂ ಅದೇ 1,000. ದುಡ್ಡಿನ ಬೆಲೆ ಕರಗುವುದನ್ನು ನೋಡಬೇಕಾದರೆ ಆ ಒಂದು ಸಾವಿರವನ್ನು ನೋಡಿ.

ಆದ್ದರಿಂದ ಆ ಇಎಂಐ ದುಡ್ಡಿನ ಅರ್ಧ ಪಿಪಿಎಫ್‌ಗೆ, ಅರ್ಧ ಒಂದು ಸಾದಾ ಇಂಡೆಕ್ಸ್ ಫಂಡಿಗೆ (ಷೇರು ಸೂಚ್ಯಂಕದಲ್ಲಿರುವ ಎಲ್ಲ ಕಂಪನಿಗಳಲ್ಲೂ ದುಡ್ಡು ಹಾಕುವ ಫಂಡು) ಹೋಗಲಿ. ಅಲ್ಲಿರುವ ಐಟಿ, ಔಷಧಿ ಕಂಪನಿಗಳು ಡಾಲರ್‌ನಲ್ಲಿ ಗಳಿಸುತ್ತವೆ, ನಿಮಗೆ ಬೇಕಾದಷ್ಟು ಡಾಲರ್ ಅದರಲ್ಲೇ ಇದೆ. ಆರು ವರ್ಷಕ್ಕೆ ಷೇರು ಕೈ ಕೊಡುವುದೂ ಉಂಟು, ಅದಕ್ಕೇ ಅರ್ಧ ಮಾತ್ರ. 60 ತುಂಬಿದ ಮೇಲೆ ಪಿಎಫ್ ದುಡ್ಡಿನಲ್ಲಿ 30 ಲಕ್ಷದವರೆಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಬಹುದು. ಈಗ ಅದಕ್ಕೆ ಶೇ 8.2 ಬಡ್ಡಿ ಇದೆ, ಮಾಮೂಲಿ ಎಫ್‌ಡಿಯ 6.5ಕ್ಕಿಂತ ಒಂದೂವರೆ ಪರ್ಸೆಂಟಿಗೂ ಜಾಸ್ತಿ.

ಈ ವಾರ ಬ್ಯಾಂಕಿಗೆ ಹೋಗಿ ಎರಡು ಕಾಗದ ತೆಗೆಸಿಕೊಳ್ಳಿ: ಮನೆ ಸಾಲದ ಈಗಿನ ಬಡ್ಡಿ ದರ ಇರುವ ಸ್ಟೇಟ್‌ಮೆಂಟು, ಎಫ್‌ಡಿಗಳ ಅವಧಿ ಮುಗಿಯುವ ದಿನಾಂಕಗಳ ಪಟ್ಟಿ. ಮುರಿಸಿದರೆ ದಂಡ ಬೀಳುವ ಎಫ್‌ಡಿಯನ್ನು ಮುಟ್ಟಬೇಡಿ. ಮೊದಲು ಮುಗಿಯುವುದರಿಂದ ಸಾಲ ಕಟ್ಟುತ್ತಾ ಬನ್ನಿ. ರೆಪೊ ದರ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸಾಲ ಕೊಡುವ ಬಡ್ಡಿ) 2025ರಲ್ಲಿ 6.5ರಿಂದ 5.25ಕ್ಕೆ ಇಳಿಯಿತು. ನಿಮ್ಮ ಸಾಲದ ಬಡ್ಡಿ ಅಷ್ಟೇ ಇಳಿಯದಿದ್ದರೆ ಹಳೆಯ ಪದ್ಧತಿಯಲ್ಲೇ ಉಳಿದಿರುತ್ತೀರಿ. ಸಾಲ ಪೂರ್ತಿ ತೀರುವ ತನಕವಾದರೂ ರೆಪೊಗೆ ಜೋಡಿಸಿದ ದರಕ್ಕೆ ಬದಲಿಸಿಕೊಡಿ ಅಂತ ಅರ್ಜಿ ಕೊಟ್ಟು ಬನ್ನಿ.